ಜೀವಕೋಶದ ಓಲೆಕಾರನೂ ದೇಶದ ಸ್ವಾವಲಂಬನೆಯೂ

2025ನೆಯ ಇಸವಿಯ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಅಮೇರಿಕದ ಆರೋಗ್ಯ ಖಾತೆಯು ಒಂದು ಪ್ರಕಟನೆಯನ್ನು ಹೊರಡಿಸಿತು. ಎಂಆರ್‌ಎನ್‌ಎ ಲಸಿಕೆಗಳ ಅಭಿವೃದ್ಧಿಗಾಗಿ ಸರಕಾರದ ಬೊಕ್ಕಸದಿಂದ ನಡೆಯುತ್ತಿದ್ದ 22 ಯೋಜನೆಗಳನ್ನು ಕೊನೆಗಾಣಿಸಲಾಗುವುದೆಂಬುದೇ ಅದರ ಸಾರ. ಆ ಯೋಜನೆಗಳ ಒಟ್ಟು ಮೊತ್ತ ಸುಮಾರು 50 ಕೋಟಿ ಡಾಲರು. 2020ರಲ್ಲಿ ಇದೇ ವಿದ್ಯೆಯ ಬಲದಿಂದ, ಜರ್ಮನಿಯ ಶಾಸ್ತ್ರಜ್ಞರ ಜೊತೆಗೂಡಿ, ಒಂದು ವರ್ಷದೊಳಗಾಗಿ ಕೋವಿಡ್ ಲಸಿಕೆಯನ್ನು ಸಿದ್ಧಪಡಿಸಿ ಜಗತ್ತಿನ ಬೆರಗಿಗೆ ಪಾತ್ರವಾದ ದೇಶವೇ ಐದು ವರ್ಷ ಕಳೆಯುವಷ್ಟರಲ್ಲಿ ಅದಕ್ಕೆ ಬೆನ್ನು ತಿರುಗಿಸಿತು. ಆ ನಿರ್ಣಯದ ಹಿಂದಿರುವ ಒಳರಾಜಕೀಯವನ್ನು ತೂಗಿ ನೋಡುವುದು ಆ ದೇಶದ ಪ್ರಜೆಗಳಿಗೆ ಸೇರಿದ ಕೆಲಸ. ನಮಗೆ ಸಂಬಂಧಿಸಿದ ಪ್ರಶ್ನೆ ಬೇರೆ. ಪರರ ಬೊಕ್ಕಸವನ್ನೂ ಪರರ ಮನಸ್ಸಿನ ಏರಿಳಿತವನ್ನೂ ಆಶ್ರಯಿಸಿ ನಿಂತ ಒಂದು ವಿದ್ಯೆಯನ್ನು ನಾವು ಎಷ್ಟು ಕಾಲ ನಂಬಿ ಕುಳಿತಿರಬಹುದು?

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಆರ್‌ಎನ್‌ಎ ಎಂದರೇನು, ಅದು ನಮ್ಮ ಶರೀರದಲ್ಲಿ ಮಾಡುವ ಕೆಲಸವಾವುದು ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ. ಕೋವಿಡಿನ ದಿನಗಳಲ್ಲಿ ಈ ಹೆಸರು ಎಲ್ಲರ ಬಾಯಲ್ಲೂ ಓಡಾಡಿತು. ಆದರೆ ಅದರ ಅರ್ಥವನ್ನು ತಿಳಿದವರಿಗಿಂತ ಅದರ ವಿಷಯವಾಗಿ ಭೀತಿಗೊಂಡವರೇ ಹೆಚ್ಚಾಗಿದ್ದರು. ಭೀತಿಗೆ ಔಷಧವೆಂದರೆ ತಿಳಿವಳಿಕೆಯೊಂದೇ.

ಮೂಲ ದಫ್ತರು, ನಕಲು, ಕಾರ್ಖಾನೆ

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದಾಗಿದೆ. ಆ ಕೋಶಗಳಲ್ಲಿ ನಡೆಯುವ ಕೆಲಸಗಳಲ್ಲಿ ಬಹುಪಾಲು ಪ್ರೋಟೀನುಗಳಿಂದ ಆಗತಕ್ಕವು. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ಒಂದು ಪ್ರೋಟೀನು. ಸಕ್ಕರೆಯನ್ನು ಹದ್ದಿನಲ್ಲಿಡುವ ಇನ್ಸುಲಿನ್ ಇನ್ನೊಂದು. ಉಂಡ ಅನ್ನವನ್ನು ಅರಗಿಸುವ ಜೀರ್ಣರಸಗಳ ಸತ್ತ್ವ, ರೋಗವನ್ನು ಎದುರಿಸುವ ಪ್ರತಿಕಾಯ, ತಲೆಯ ಕೂದಲು, ಕೈಯ ಉಗುರು ಇವೆಲ್ಲವೂ ಪ್ರೋಟೀನುಗಳೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಒಂದು ಗೊತ್ತಾದ ಕ್ರಮದಲ್ಲಿ ಪೋಣಿಸಿದರೆ ಒಂದು ಪ್ರೋಟೀನು ಸಿದ್ಧವಾಗುತ್ತದೆ. ಕ್ರಮ ಬದಲಾದರೆ ಪ್ರೋಟೀನೂ ಬದಲಾಗುತ್ತದೆ. ಹಾಗಾದರೆ ಈ ಕ್ರಮವನ್ನು ವಿಧಿಸುವವರು ಯಾರು?

ಕಚೇರಿಯ ಕೆಲಸ ಬಲ್ಲವರಿಗೆ ಈ ವ್ಯವಸ್ಥೆಯನ್ನು ತಿಳಿಯಹೇಳುವುದು ಸುಲಭ. ಮೂಲ ದಾಖಲೆಯು ದಫ್ತರಖಾನೆಯಲ್ಲಿ ಭದ್ರವಾಗಿರುತ್ತದೆ. ಅದನ್ನು ಯಾರೂ ಹೊರಗೆ ಒಯ್ಯುವಂತಿಲ್ಲ. ಕೆಲಸ ಬಿದ್ದಾಗ ಬೇಕಾದ ಭಾಗದ ನಕಲನ್ನು ಮಾತ್ರ ತೆಗೆದು, ಓಲೆಕಾರನ ಕೈಯಲ್ಲಿ ಕೆಲಸ ನಡೆಯುವ ಸ್ಥಳಕ್ಕೆ ಕಳಿಸುತ್ತಾರೆ. ಜೀವಕೋಶದ ನಡುವಣ ಕೇಂದ್ರದಲ್ಲಿರುವ ಡಿಎನ್‌ಎ ಎಂಬುದೇ ಆ ಮೂಲ ದಫ್ತರು. ಆರ್‌ಎನ್‌ಎ ಅದರ ನಕಲು. ಈ ನಕಲನ್ನೇ ದೂತ-ಆರ್‌ಎನ್‌ಎ, ಅಂದರೆ ಎಂಆರ್‌ಎನ್‌ಎ ಎಂದು ಕರೆಯುತ್ತಾರೆ. ಅದು ಕೇಂದ್ರವನ್ನು ಬಿಟ್ಟು ಹೊರಬಂದು ರೈಬೋಸೋಮು ಎಂಬ ಸೂಕ್ಷ್ಮ ಕಾರ್ಖಾನೆಯನ್ನು ಸೇರುತ್ತದೆ. ಕೆಲಸ ತೀರಿದ ಮೇಲೆ ನಕಲನ್ನು ಹರಿದುಹಾಕಲಾಗುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಇದರ ಆಯುಷ್ಯ ಕೆಲವೇ ನಿಮಿಷ. ಮನುಷ್ಯನ ಕೋಶಗಳಲ್ಲಿ ಸಾಮಾನ್ಯವಾಗಿ ಕೆಲವು ಗಂಟೆ. ನಕಲು ಅಲ್ಪಾಯುವಾಗಿರುವುದು ದೋಷವಲ್ಲ. ಹಳೆಯ ಹುಕುಮುಗಳು ಉಳಿದುಕೊಂಡರೆ ಬೇಡವಾದ ಕೆಲಸವೂ ನಡೆಯುತ್ತಲೇ ಹೋಗಿ ಕೋಶದ ಆಡಳಿತವೇ ಕೆಟ್ಟುಹೋದೀತು.

ಈ ಓಲೆಯ ಲಿಪಿಯಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಯು, ಜಿ, ಸಿ. ನಾಲ್ಕು ಅಕ್ಷರಗಳಿಂದ ಇಪ್ಪತ್ತು ಅಮೈನೋ ಆಮ್ಲಗಳನ್ನು ಹೆಸರಿಸುವುದು ಹೇಗೆ? ನಮ್ಮ ಛಂದಶ್ಶಾಸ್ತ್ರದ ಅಕ್ಷರಗಣಗಳನ್ನು ಬಲ್ಲವರು ಇದರ ಲೆಕ್ಕವನ್ನು ಒಡನೆಯೇ ಗ್ರಹಿಸುವರು. ಲಘು ಗುರು ಎಂಬ ಎರಡೇ ಸಂಜ್ಞೆಗಳನ್ನು ಮೂರು ಮೂರಾಗಿ ಜೋಡಿಸಿದರೆ ಎಂಟು ಗಣಗಳಾಗುವಂತೆ, ನಾಲ್ಕು ಅಕ್ಷರಗಳನ್ನು ಮೂರು ಮೂರಾಗಿ ಜೋಡಿಸಿದರೆ 64 ಗಣಗಳಾಗುತ್ತವೆ. ಇವುಗಳಲ್ಲಿ 61 ಗಣಗಳು ಒಂದಲ್ಲ ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಮಿಕ್ಕ ಮೂರು ಪೂರ್ಣವಿರಾಮದ ಚಿಹ್ನೆಗಳು. ಎಯುಜಿ ಎಂಬ ಗಣವು ಸಾಮಾನ್ಯವಾಗಿ ಆರಂಭವನ್ನು ಸೂಚಿಸುತ್ತದೆ. ಬ್ಯಾಕ್ಟೀರಿಯಾದಿಂದ ಮೊದಲುಗೊಂಡು ಆನೆಯವರೆಗೆ, ಹುಲ್ಲುಗರಿಯಿಂದ ಮೊದಲುಗೊಂಡು ಮನುಷ್ಯನವರೆಗೆ, ಕೆಲವು ಸಣ್ಣ ಅಪವಾದಗಳನ್ನು ಬಿಟ್ಟರೆ, ಸಕಲ ಜೀವರಾಶಿಗಳಲ್ಲಿಯೂ ಈ ನಿಘಂಟು ಒಂದೇ.

ಆದರೆ ಓಲೆಯನ್ನು ಓದುವುದಕ್ಕೆ ದುಭಾಷಿ ಬೇಕಷ್ಟೆ. ಅಕ್ಷರಗಳ ಭಾಷೆ ಒಂದು, ಅಮೈನೋ ಆಮ್ಲಗಳ ಭಾಷೆ ಇನ್ನೊಂದು. ಎರಡನ್ನೂ ಬಲ್ಲ ದುಭಾಷಿಯೂ ಆರ್‌ಎನ್‌ಎಯ ಜಾತಿಗೇ ಸೇರಿದ್ದು; ಇದಕ್ಕೆ ವಾಹಕ-ಆರ್‌ಎನ್‌ಎ ಎಂದು ಹೆಸರು. ಇದರ ಒಂದು ತುದಿ ಓಲೆಯ ಮೂರಕ್ಷರದ ಗಣವನ್ನು ಗುರುತಿಸುತ್ತದೆ. ಇನ್ನೊಂದು ತುದಿ ಅದಕ್ಕೆ ಸಲ್ಲುವ ಅಮೈನೋ ಆಮ್ಲವನ್ನು ಹೊತ್ತಿರುತ್ತದೆ. ಒಂದಾದ ಮೇಲೊಂದು ದುಭಾಷಿಗಳು ಬಂದು ತಮ್ಮ ಹೊರೆಯನ್ನು ಇಳಿಸಿ ಹೋಗುತ್ತವೆ. ಸರ ಬೆಳೆಯುತ್ತ ಹೋಗುತ್ತದೆ. ಬ್ಯಾಕ್ಟೀರಿಯಾದ ರೈಬೋಸೋಮು ಒಂದು ಸೆಕೆಂಡಿಗೆ ಹದಿನೈದು ಇಪ್ಪತ್ತು ಮಣಿಗಳನ್ನು ಪೋಣಿಸಬಲ್ಲದು. ಇನ್ನೂ ಅಚ್ಚರಿಯ ಸಂಗತಿಯೊಂದಿದೆ. ರೈಬೋಸೋಮಿನಲ್ಲಿ ಪ್ರೋಟೀನುಗಳೂ ಇವೆ, ಆರ್‌ಎನ್‌ಎಯೂ ಇದೆ. ಮಣಿಗೆ ಮಣಿಯನ್ನು ಬೆಸೆಯುವ ನಿಜವಾದ ಕೆಲಸವನ್ನು ಪ್ರೋಟೀನುಗಳು ಮಾಡುತ್ತಿರಬಹುದೆಂದು ಬಹುಕಾಲ ಊಹಿಸಲಾಗಿತ್ತು. 2000ನೆಯ ಇಸವಿಯಲ್ಲಿ ರೈಬೋಸೋಮಿನ ರಚನೆಯು ಅಣು ಅಣುವಾಗಿ ಬೆಳಕಿಗೆ ಬಂದಾಗ, ಬೆಸುಗೆ ನಡೆಯುವ ಸ್ಥಾನದಲ್ಲಿ ಇರುವುದೆಲ್ಲ ಆರ್‌ಎನ್‌ಎಯೇ ಎಂಬುದು ಸ್ಥಾಪಿತವಾಯಿತು. ಓಲೆಕಾರ, ದುಭಾಷಿ, ಕಮ್ಮಾರ ಈ ಮೂವರೂ ಒಂದೇ ಮನೆತನದವರು.

ಈ ಓಲೆಯಲ್ಲಿ ಒಂದಕ್ಷರ ತಪ್ಪಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಜೀವಂತ ನಿದರ್ಶನವಿದೆ. ಹಿಮೋಗ್ಲೋಬಿನಿನ ಒಂದು ಸರದ ಆರನೆಯ ಸ್ಥಾನದಲ್ಲಿ ಜಿಎಜಿ ಎಂದಿರಬೇಕಾದಲ್ಲಿ ಜಿಯುಜಿ ಎಂದಾದರೆ, ಒಂದು ಅಮೈನೋ ಆಮ್ಲದ ಬದಲಿಗೆ ಇನ್ನೊಂದು ಬಂದು ಕೂರುತ್ತದೆ. ತಾಯಿ ತಂದೆ ಇಬ್ಬರಿಂದಲೂ ಈ ತಪ್ಪು ಬಂದಲ್ಲಿ ಮಗುವಿನ ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುತ್ತವೆ. ಮೈಯೆಲ್ಲ ನೋವು, ರಕ್ತಹೀನತೆ, ಅಕಾಲ ಮರಣ. ನಮ್ಮ ಆದಿವಾಸಿ ಜನಾಂಗಗಳಲ್ಲಿ ಈ ವ್ಯಾಧಿ ವಿಶೇಷವಾಗಿರುವುದರಿಂದಲೇ ಕೇಂದ್ರ ಸರಕಾರವು 2023ರ ಜುಲೈ 1ರಂದು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ, 2047ನೆಯ ಇಸವಿಯನ್ನು ಗಡುವಾಗಿ ಇಟ್ಟುಕೊಂಡಿದೆ. ಒಂದಕ್ಷರದ ತಪ್ಪು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಪ್ರಯೋಗಶಾಲೆಯ ವಿದ್ಯೆಗೂ ಬಡವನ ಗುಡಿಸಲಿಗೂ ಸಂಬಂಧವೇನು ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಓಲೆಯನ್ನು ಓದಿದ ಭಾರತೀಯರು

ದೂತ-ಆರ್‌ಎನ್‌ಎ ಎಂಬುದೊಂದು ಇದೆಯೆಂದು 1961ರಲ್ಲಿ ಬ್ರೆನರ್, ಜಾಕೋಬ್, ಮೆಸೆಲ್ಸನ್ ಮುಂತಾದವರು ತೋರಿಸಿದರು. ಅದೇ ವರ್ಷ ಅಮೇರಿಕದಲ್ಲಿ ನೀರೆನ್‌ಬರ್ಗ್ ಮತ್ತು ಮತ್ತಾಯ್ ಎಂಬ ಇಬ್ಬರು ಬರಿಯ ಯು ಅಕ್ಷರವೇ ತುಂಬಿದ ಕೃತಕ ಓಲೆಯನ್ನು ಕೋಶರಸಕ್ಕೆ ಹಾಕಿ, ಒಂದೇ ಬಗೆಯ ಅಮೈನೋ ಆಮ್ಲದ ಸರವನ್ನು ಪಡೆದು, ನಿಘಂಟಿನ ಮೊದಲ ಶಬ್ದವನ್ನು ಓದಿದರು. ಉಳಿದ ಶಬ್ದಗಳನ್ನು ಓದುವ ಕೆಲಸದಲ್ಲಿ ಅಗ್ರಗಣ್ಯರಾದವರು ಹರಗೋವಿಂದ ಖೊರಾನಾ. ಕ್ರಮ ತಪ್ಪದೆ ಪುನರಾವರ್ತಿಸುವ ಅಕ್ಷರಗಳ ಓಲೆಗಳನ್ನು ರಸಾಯನ ವಿಧಾನದಿಂದ ತಾವೇ ರಚಿಸಿ, ಯಾವ ಗಣಕ್ಕೆ ಯಾವ ಅರ್ಥವೆಂಬುದನ್ನು ಅವರು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿಕೊಟ್ಟರು. 1968ರಲ್ಲಿ ನೀರೆನ್‌ಬರ್ಗ್ ಮತ್ತು ಹಾಲಿ ಅವರ ಜೊತೆಗೆ ನೊಬೆಲ್ ಪಾರಿತೋಷಕವು ಅವರಿಗೆ ಸಂದಿತು.

ಖೊರಾನಾ ಅವರು ಇಂದು ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ ಹುಟ್ಟಿದವರು. ಸುಮಾರು ನೂರು ಜನರ ಹಳ್ಳಿ. ತಂದೆ ಅಲ್ಲಿಯ ಪಟವಾರಿ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಶ್ಯಾನುಭೋಗರು. ಇಡಿಯ ಊರಿನಲ್ಲಿ ಅಕ್ಷರ ಬಲ್ಲ ಕುಟುಂಬ ಬಹುಮಟ್ಟಿಗೆ ಅದೊಂದೇ. ಭಾರತ ಸರಕಾರದ ವಿದ್ಯಾರ್ಥಿವೇತನದ ನೆರವಿನಿಂದ 1945ರಲ್ಲಿ ಅವರು ಇಂಗ್ಲಂಡಿಗೆ ಹೋದರು. ಓದು ಮುಗಿಸಿ 1949ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಹೊಸದಾಗಿ ಸ್ವತಂತ್ರವಾಗಿದ್ದ ದೇಶದಲ್ಲಿ ಅವರಿಗೊಂದು ಕೆಲಸ ಸಿಕ್ಕಲಿಲ್ಲ. ಪುನಃ ಕೇಂಬ್ರಿಜಿಗೆ, ಅಲ್ಲಿಂದ ಕೆನಡಕ್ಕೆ, ಅಲ್ಲಿಂದ ಅಮೇರಿಕಕ್ಕೆ ಅವರ ಪಯಣ ಸಾಗಿತು. ನೊಬೆಲ್ ಬಂದಾಗ ಅವರು ಅಮೇರಿಕದ ಪ್ರಜೆ. ದೇಶವು ತನ್ನ ಹಣದಿಂದ ಬೀಜವನ್ನು ಕೊಂಡು, ಬಿತ್ತಲು ಹೊಲವಿಲ್ಲದೆ, ಪರರ ಹೊಲದಲ್ಲಿ ಬೆಳೆದ ಬೆಳೆಗೆ ಚಪ್ಪಾಳೆ ತಟ್ಟಿತು.

ಚಿದಂಬರದಲ್ಲಿ ಹುಟ್ಟಿ ಬರೋಡೆಯಲ್ಲಿ ಬಿ.ಎಸ್‌ಸಿ. ಮುಗಿಸಿದ ವೆಂಕಟರಾಮನ್ ರಾಮಕೃಷ್ಣನ್ ಅವರ ಕಥೆಯೂ ಇಂಥದೇ. ರೈಬೋಸೋಮಿನ ಕಿರಿಯ ಭಾಗದ ರಚನೆಯನ್ನು 2000ದಲ್ಲಿ ಬಯಲಿಗೆ ತಂದು ಅವರು 2009ರಲ್ಲಿ ನೊಬೆಲ್ ಪಡೆದರು; ಆ ಕೆಲಸ ನಡೆದದ್ದು ಇಂಗ್ಲಂಡಿನ ಕೇಂಬ್ರಿಜಿನಲ್ಲಿ. ಆ ರಚನೆಯ ಜ್ಞಾನವು ಬರಿಯ ಪಾಂಡಿತ್ಯವಲ್ಲ. ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಮೊದಲಾದ ಔಷಧಗಳು ಬ್ಯಾಕ್ಟೀರಿಯಾದ ರೈಬೋಸೋಮನ್ನು ಹಿಡಿದು ನಿಲ್ಲಿಸಿಯೇ ರೋಗವನ್ನು ಗುಣಪಡಿಸುವುದರಿಂದ, ಔಷಧಗಳಿಗೆ ಮಣಿಯದ ಕ್ರಿಮಿಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಹೊಸ ಮದ್ದನ್ನು ಹುಡುಕುವವರಿಗೆ ಅದೇ ನಕ್ಷೆ.

ಇದಕ್ಕೆ ಎದುರಾಗಿ ಇನ್ನೊಂದು ಚರಿತ್ರೆಯೂ ಇದೆ. ಅದು ನಮಗೆ ಹೆಚ್ಚು ಬೋಧಪ್ರದವಾದದ್ದು. ಒಬೈದ್ ಸಿದ್ದೀಕಿ ಅವರು ಅಮೇರಿಕದಲ್ಲಿ ಅಲನ್ ಗ್ಯಾರೆನ್ ಅವರ ಜೊತೆಯಲ್ಲಿ, ಪ್ರೋಟೀನಿನ ಸರವನ್ನು ನಡುವೆಯೇ ಕಡಿದುಹಾಕುವ ದೋಷಗಳನ್ನು ಶೋಧಿಸಿ, 1962ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಮೇಲೆ ಹೇಳಿದ ಪೂರ್ಣವಿರಾಮದ ಚಿಹ್ನೆಗಳನ್ನು ಗುರುತಿಸುವುದಕ್ಕೆ ಈ ಕೆಲಸ ನೆರವಾಯಿತು. ಅದೇ ವರ್ಷ ಹೋಮಿ ಭಾಭಾ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ಶಾಸ್ತ್ರಕ್ಕಾಗಿಯೇ ಒಂದು ಶಾಖೆಯನ್ನು ತೆರೆಯಲು ಅವರನ್ನು ಕರೆಸಿಕೊಂಡರು. ಸಿದ್ದೀಕಿಯವರು ಬಂದರು, ನಿಂತರು, ಶಿಷ್ಯರನ್ನು ಬೆಳೆಸಿದರು. ಮುಂದೆ 1990ರ ದಶಕದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವು ಸ್ಥಾಪನೆಯಾದದ್ದೂ ಅವರ ಕೈಯಿಂದಲೇ. ಖೊರಾನಾ ಅವರಿಗೆ ದೇಶಪ್ರೇಮ ಕಡಿಮೆಯಿತ್ತೆಂದು ಯಾರೂ ಹೇಳಲಾರರು; ಅವರು ಹಿಂದಿರುಗಿ ಬಂದೇ ಇದ್ದರು. ಒಬ್ಬರಿಗೆ ಇಲ್ಲಿ ಕೂರಲು ಮಣೆಯಿರಲಿಲ್ಲ. ಇನ್ನೊಬ್ಬರಿಗಾಗಿ ಮಣೆ ಹಾಕಿ ಕಾದಿರುವವರಿದ್ದರು. ಪ್ರತಿಭಾವಂತರು ದೇಶ ಬಿಟ್ಟು ಹೋಗುತ್ತಾರೆಂದು ಹಳಹಳಿಸುವವರು ಈ ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಲಸಿಕೆಯ ಮರ್ಮ

ಎಂಆರ್‌ಎನ್‌ಎ ಲಸಿಕೆಯ ತತ್ತ್ವವು ಈ ವಿವರಣೆಯ ಬಳಿಕ ತಾನಾಗಿಯೇ ತಿಳಿಯುವಂಥದು. ರೋಗಾಣುವಿನ ಒಂದು ನಿರಪಾಯಕರ ಪ್ರೋಟೀನಿನ ಓಲೆಯನ್ನು ಬರೆದು, ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಸುತ್ತಿ, ಶರೀರಕ್ಕೆ ಚುಚ್ಚುತ್ತಾರೆ. ನಮ್ಮದೇ ರೈಬೋಸೋಮುಗಳು ಆ ಓಲೆಯನ್ನು ಓದಿ ಆ ಪ್ರೋಟೀನನ್ನು ತಯಾರಿಸುತ್ತವೆ. ಶರೀರದ ಕಾವಲುಗಾರರು ಅದನ್ನು ಕಂಡು, ನಿಜವಾದ ಶತ್ರು ಬಂದಾಗ ಗುರುತಿಸಲು ಕಲಿಯುತ್ತಾರೆ. ಓಲೆಯು ಕೇಂದ್ರದ ದಫ್ತರಖಾನೆಯನ್ನು ಪ್ರವೇಶಿಸುವುದಿಲ್ಲ. ಮೂಲ ದಾಖಲೆಯನ್ನು ತಿದ್ದುವುದೂ ಇಲ್ಲ. ಇದರಿಂದ ವಂಶವೇ ಬದಲಾಗುವುದೆಂಬ ಹೆದರಿಕೆಗೆ ಆಧಾರವಿಲ್ಲ. ಹಾಗೆಂದು ಈ ಲಸಿಕೆ ಸರ್ವದೋಷಮುಕ್ತವೆಂದು ಹೇಳುವುದೂ ಸತ್ಯಕ್ಕೆ ದೂರ. ತರುಣರಲ್ಲಿ ವಿರಳವಾಗಿ ಹೃದಯದ ಸ್ನಾಯು ಊದಿಕೊಂಡ ಪ್ರಸಂಗಗಳು ವರದಿಯಾಗಿವೆ. ಸೋಂಕನ್ನು ತಡೆಯುವ ಶಕ್ತಿಯು ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಮೊದಲ ಲಸಿಕೆಗಳಲ್ಲೊಂದನ್ನು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಇಡಬೇಕಾಗಿತ್ತು. ದೋಷಗಳನ್ನು ಬಚ್ಚಿಡುವುದರಿಂದ ಶಾಸ್ತ್ರದ ಗೌರವ ಹೆಚ್ಚುವುದಿಲ್ಲ. ಜನರ ವಿಶ್ವಾಸ ಮಾತ್ರ ಕುಗ್ಗುತ್ತದೆ.

ಇಷ್ಟಾದರೂ ಈ ವಿದ್ಯೆಯ ದೊಡ್ಡ ಗುಣವೆಂದರೆ ಶೀಘ್ರತೆ. ಕಾರ್ಖಾನೆಯ ಯಂತ್ರ ಅದೇ, ವಿಧಾನ ಅದೇ. ಓಲೆಯ ಒಕ್ಕಣೆಯನ್ನು ಬದಲಾಯಿಸಿದರೆ ಹೊಸ ಲಸಿಕೆಯ ಮಾದರಿಯು ಕೆಲವೇ ವಾರಗಳಲ್ಲಿ ಸಿದ್ಧವಾಗಬಲ್ಲದು. ಈ ಗುಣವು ಒಂದೇ ದಿನದಲ್ಲಿ ಕೈಗೂಡಿದ್ದಲ್ಲ. ಹೊರಗಿನಿಂದ ಬಂದ ಆರ್‌ಎನ್‌ಎಯನ್ನು ಕಂಡರೆ ಶರೀರವು ಕೆರಳುತ್ತಿತ್ತು. ಅದರ ಒಂದಕ್ಷರವನ್ನು ಸ್ವಲ್ಪ ಮಾರ್ಪಡಿಸಿದರೆ ಕೆರಳುವುದಿಲ್ಲವೆಂದು ಕಾತಲಿನ್ ಕರಿಕೋ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ಪ್ರಕಟಿಸಿದಾಗ ಅದನ್ನು ಗಮನಿಸಿದವರು ಕೆಲವರೇ. ಅದಕ್ಕೆ ಹತ್ತು ವರ್ಷ ಮೊದಲೇ ಕರಿಕೋ ಅವರಿಗೆ ಧನಸಹಾಯ ದೊರೆಯದೆ, ಅವರ ವಿಶ್ವವಿದ್ಯಾಲಯವು ಅವರನ್ನು ಕೆಳಗಿನ ಹುದ್ದೆಗೆ ಇಳಿಸಿತ್ತು. 2023ರಲ್ಲಿ ಅವರಿಬ್ಬರಿಗೂ ನೊಬೆಲ್ ಬಂತು. ಇಂದು ಫಲವಿಲ್ಲವೆಂದು ತೋರುವ ಪ್ರಶ್ನೆಯನ್ನು ಹಿಡಿದು ಕುಳಿತವರನ್ನು ಪೋಷಿಸದ ದೇಶವು, ನಾಳೆ ಆಪತ್ತು ಬಂದಾಗ ಉತ್ತರಕ್ಕಾಗಿ ಪರರ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ನಮ್ಮ ಮನೆಯ ಲೆಕ್ಕ

ನಾವು ಬರಿಗೈಯಲ್ಲಿ ನಿಂತಿಲ್ಲವೆಂಬುದು ಸಮಾಧಾನದ ಸಂಗತಿ. ಪುಣೆಯ ಜೆನ್ನೋವಾ ಸಂಸ್ಥೆಯು ಕೇಂದ್ರ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನಿಂದ ನಿರ್ಮಿಸಿದ ಎಂಆರ್‌ಎನ್‌ಎ ಲಸಿಕೆಗೆ 2022ರ ಜೂನಿನಲ್ಲಿ ಅನುಮತಿ ದೊರೆಯಿತು. ಸಾಮಾನ್ಯ ಶೀತಕಪಾಟಿನ 2ರಿಂದ 8 ಡಿಗ್ರಿ ಉಷ್ಣತೆಯಲ್ಲಿ ಇಡಬಹುದಾದ ಲಸಿಕೆಯದು. ನಮ್ಮ ತಾಲ್ಲೂಕು ಆಸ್ಪತ್ರೆಗಳ ಸ್ಥಿತಿಗತಿಯನ್ನು ಬಲ್ಲವರೇ ಯೋಚಿಸಿ ಮಾಡಿದ ಸುಧಾರಣೆ. ಅದೇ ವರ್ಷ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯೂ ಸ್ವದೇಶೀ ಎಂಆರ್‌ಎನ್‌ಎ ವಿಧಾನವೊಂದನ್ನು ಪ್ರಕಟಿಸಿತು. ಅದೇ ಊರಿನ ಬಯಾಲಾಜಿಕಲ್ ಇ ಕಂಪನಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಎಂಆರ್‌ಎನ್‌ಎ ತಂತ್ರಜ್ಞಾನ ಹಂಚಿಕೆಯ ಯೋಜನೆಗೆ ಆರಿಸಿಕೊಂಡಿತು. ಆದರೆ ಪುಣೆಯ ಲಸಿಕೆ ಹೊರಬರುವ ವೇಳೆಗೆ ದೇಶದ ಬಹುಪಾಲು ವಯಸ್ಕರು ಬೇರೆ ಲಸಿಕೆಗಳನ್ನು ಪಡೆದಾಗಿತ್ತು. ಬೇಡಿಕೆಯ ಕಾಲ ಮೀರಿದ ಮೇಲೆ ಬಂದ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆ, ಅಥವಾ ನಮ್ಮದೇ ರೋಗಗಳ ಕಡೆಗೆ ತಿರುಗಿಸಬೇಕೆ ಎಂಬುದೇ ಈಗಿನ ಪ್ರಶ್ನೆ.

ನಮ್ಮದೇ ರೋಗವೆಂದಾಗ ಕನ್ನಡಿಗರಿಗೆ ನೆನಪಾಗಬೇಕಾದದ್ದು ಮಲೆನಾಡಿನ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ವ್ಯಾಧಿ, ಉಣುಗುಗಳ ಮೂಲಕ ಹರಡಿ, ಸೊಪ್ಪು ಸೌದೆಗಾಗಿ ಕಾಡಿಗೆ ಹೋಗುವ ಬಡವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಇದರ ವೈರಸ್ಸು ಸ್ವತಃ ಆರ್‌ಎನ್‌ಎ. ಸುಮಾರು ಹನ್ನೊಂದು ಸಾವಿರ ಅಕ್ಷರಗಳ ಓಲೆ. ಅದು ಕೋಶವನ್ನು ಹೊಕ್ಕೊಡನೆ ನಮ್ಮ ರೈಬೋಸೋಮುಗಳು ಅದನ್ನು ಅರಮನೆಯ ಹುಕುಮೆಂದೇ ತಿಳಿದು ಶತ್ರುವಿನ ಪ್ರೋಟೀನುಗಳನ್ನು ತಯಾರಿಸಿ ಕೊಡುತ್ತವೆ. ಈ ರೋಗಕ್ಕಿದ್ದ ಹಳೆಯ ಲಸಿಕೆಯು ಶಕ್ತಿಗುಂದಿದುದರಿಂದ ಅದರ ಬಳಕೆಯನ್ನು 2022ರಲ್ಲಿ ಕೈಬಿಡಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಹೈದರಾಬಾದಿನ ಇಂಡಿಯನ್ ಇಮ್ಯುನೋಲಾಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಹೊಸ ಲಸಿಕೆಗಾಗಿ ನಡೆಸಿರುವ ಪ್ರಯತ್ನವು ಸ್ತುತ್ಯವಾದದ್ದು. ಅದಕ್ಕೆ ಜೊತೆಯಾಗಿ ಆರ್‌ಎನ್‌ಎ ಮಾರ್ಗವನ್ನೂ ಪರೀಕ್ಷಿಸಿ ನೋಡುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಸೊರಬದ ಕೂಲಿಯವನಿಗಾಗಿ ಬೋಸ್ಟನ್ನಿನ ಕಂಪನಿ ಲಸಿಕೆ ಮಾಡಲಾರದು. ಅವನಿಂದ ಅದಕ್ಕೆ ಲಾಭವಿಲ್ಲ. ಮಾಡಿದರೆ ನಾವೇ ಮಾಡಬೇಕು.

ಇದಕ್ಕೆ ಬೇಕಾದ ಹಣದ ಮಾತಿಗೆ ಬರೋಣ. 2020-21ರಲ್ಲಿ ನಮ್ಮ ದೇಶವು ಸಂಶೋಧನೆ ಮತ್ತು ಅಭಿವೃದ್ಧಿಗಾಗಿ ವ್ಯಯಿಸಿದ್ದು ರಾಷ್ಟ್ರೀಯ ಉತ್ಪನ್ನದ ಶೇಕಡಾ 0.64 ಮಾತ್ರ. ಅದೇ ಕಾಲದಲ್ಲಿ ಚೀನದ ವೆಚ್ಚ ಶೇಕಡಾ 2.4ರಷ್ಟಿತ್ತು. 2023ರ ಶಾಸನದಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನವು ಸ್ಥಾಪಿತವಾಗಿ, ಐದು ವರ್ಷಗಳಿಗೆ 50,000 ಕೋಟಿ ರೂಪಾಯಿಗಳ ಯೋಜನೆ ಗೊತ್ತಾಯಿತು. ಆದರೆ ಅದರ ಬಹುಭಾಗವು ಖಾಸಗಿ ಉದ್ಯಮಗಳಿಂದ ಬರತಕ್ಕದ್ದೆಂದು ಎಣಿಕೆ. 2025ರ ಜುಲೈನಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗಳ ಮತ್ತೊಂದು ನಿಧಿಗೆ ಮಂತ್ರಿಮಂಡಲದ ಒಪ್ಪಿಗೆ ದೊರೆಯಿತು. ಅದು ಖಾಸಗಿ ಉದ್ಯಮಗಳ ಸಂಶೋಧನೆಗೆ ಅಲ್ಪ ಬಡ್ಡಿಯ ಅಥವಾ ಬಡ್ಡಿಯಿಲ್ಲದ ದೀರ್ಘಾವಧಿಯ ಸಾಲ ಒದಗಿಸುವುದಕ್ಕಾಗಿ. ಇವೆಲ್ಲ ಸ್ವಾಗತಾರ್ಹವೇ. ಆದರೆ ಉದ್ಯಮಿಗೆ ಕೊಟ್ಟ ಸಾಲವು ಮಾಗಿದ ಹಣ್ಣನ್ನು ಕೊಯ್ಯಲು ನೆರವಾದೀತೇ ಹೊರತು ಗಿಡವನ್ನು ನೆಡಲಾರದು. ಖೊರಾನಾ ಅವರ ನಿಘಂಟಿನಿಂದಾಗಲಿ ರಾಮಕೃಷ್ಣನ್ ಅವರ ನಕ್ಷೆಯಿಂದಾಗಲಿ ಬಡ್ಡಿ ಕಟ್ಟುವಷ್ಟು ಲಾಭ ಆರಂಭದಲ್ಲಿ ಯಾರಿಗೂ ಕಾಣುವಂತಿರಲಿಲ್ಲ.

ಆದುದರಿಂದ ಅಧಿಕಾರಸ್ಥರ ಮುಂದೆ ನಾವಿಡುವ ಸಲಹೆಗಳು ಮೂರು. ಮೊದಲನೆಯದಾಗಿ, ತತ್ಕಾಲದ ಲಾಭವನ್ನು ಕೇಳದ ಮೂಲಶೋಧನೆಗೆ ಬೊಕ್ಕಸದಿಂದಲೇ ಗೊತ್ತಾದ ಪಾಲು ವರ್ಷವರ್ಷವೂ ತಪ್ಪದೆ ಸಲ್ಲಬೇಕು. ತರುಣ ಸಂಶೋಧಕನಿಗೆ ಬರಬೇಕಾದ ವೇತನವು ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಎರಡನೆಯದಾಗಿ, ಈ ಧನವು ಕೆಲವೇ ಹೆಸರಾಂತ ಕೇಂದ್ರಗಳಲ್ಲಿ ನಿಂತುಬಿಡದೆ, ಮೈಸೂರು, ಧಾರವಾಡಗಳಂತಹ ಪ್ರಾಂತೀಯ ವಿಶ್ವವಿದ್ಯಾಲಯಗಳಿಗೂ ಹರಿಯಬೇಕು. ರಾಮಕೃಷ್ಣನ್ ಅವರು ಓದಿದ್ದೂ ಅಂಥ ಒಂದು ವಿಶ್ವವಿದ್ಯಾಲಯದಲ್ಲಿಯೇ ಎಂಬುದನ್ನು ಮರೆಯಲಾಗದು. ಮೂರನೆಯದಾಗಿ, ನಮ್ಮ ಆರ್‌ಎನ್‌ಎ ಕಾರ್ಖಾನೆಗಳು ಮಹಾಮಾರಿ ಬಂದಾಗ ಮಾತ್ರ ಎಚ್ಚರಗೊಳ್ಳುವಂತಾಗಬಾರದು. ಮಂಗನ ಕಾಯಿಲೆ, ಕ್ಷಯ, ಡೆಂಗಿ ಇಂತಹ ರೋಗಗಳ ಮೇಲಿನ ಪ್ರಯೋಗಗಳನ್ನು ಸರಕಾರವೇ ವಹಿಸಿಕೊಟ್ಟು ಅವುಗಳನ್ನು ಸದಾ ಸನ್ನದ್ಧವಾಗಿ ಇಟ್ಟುಕೊಳ್ಳಬೇಕು. ಯುದ್ಧವಿಲ್ಲದ ಕಾಲದಲ್ಲಿಯೂ ದೇಶವು ಸೈನ್ಯವನ್ನು ಸಾಕುವುದಿಲ್ಲವೆ?

ಇದು ಕೈಮೀರಿದ ಕೆಲಸವೆಂದು ಹೇಳುವವರು ಬೆಂಗಳೂರಿನ ಕಡೆಗೆ ಒಮ್ಮೆ ನೋಡಲಿ. ದೇಶವು ಪರಾಧೀನವಾಗಿದ್ದ ಕಾಲದಲ್ಲಿ, 1909ರಲ್ಲಿ, ಜಮಶೇಟಜಿ ಟಾಟಾ ಅವರ ದಾನವೂ ಮೈಸೂರು ಸಂಸ್ಥಾನದ ಭೂಮಿಯೂ ಸೇರಿ ಭಾರತೀಯ ವಿಜ್ಞಾನ ಮಂದಿರವು ಅಲ್ಲಿ ಎದ್ದು ನಿಂತಿತು. ನೂರು ವರ್ಷಗಳಿಗೂ ಮಿಕ್ಕ ಕಾಲ ಅದು ದೇಶಕ್ಕೆ ಶಾಸ್ತ್ರಜ್ಞರನ್ನು ಕೊಡುತ್ತ ಬಂದಿದೆ. ಅಂದು ಅದಕ್ಕೆ ಧನವಿತ್ತವರು ಮರುವರ್ಷದ ಲಾಭವನ್ನು ಕೇಳಿರಲಿಲ್ಲ. ಪರಾಧೀನರಾದ ಹಿರಿಯರಿಗೆ ಸಾಧ್ಯವಾದದ್ದು ಸ್ವತಂತ್ರರಾದ ನಮಗೆ ಅಸಾಧ್ಯವೆಂದರೆ ಅದು ನಮಗೆ ಶೋಭಿಸುವ ಮಾತಲ್ಲ. ಅಮೇರಿಕವು ಇಂದು ನಿಲ್ಲಿಸಿದ ಕೆಲಸವನ್ನು ನಾಳೆ ಪುನಃ ಆರಂಭಿಸಬಹುದು, ಬಿಡಬಹುದು; ಅದನ್ನು ಕಾಯುತ್ತ ಕೂರುವುದು ನಮ್ಮ ನೀತಿಯಾಗಬಾರದು. ಜೀವದ ಓಲೆಯನ್ನು ಓದಿ ತೋರಿಸಿದವರಲ್ಲಿ ನಮ್ಮವರಿದ್ದರು. ಇನ್ನು ಮುಂದೆ ಅದನ್ನು ಬರೆಯುವ ಕೆಲಸವು ನಮ್ಮ ನೆಲದಲ್ಲಿಯೇ, ನಮ್ಮ ರೋಗಿಗಳಿಗಾಗಿ ನಡೆಯುವಂತೆ ಮಾಡುವುದು ಸರಕಾರದ ಕರ್ತವ್ಯ. ಅದನ್ನು ಕೇಳಿ ಪಡೆಯುವುದು ಪ್ರಜೆಗಳ ಹಕ್ಕು.